ವೇಗ ಇದೆ, ದಾರಿ ಸರಿಯಿದೆಯಾ?

ಹತ್ತು ವರ್ಷ ನಾನು ಎರಡೇ ಬೆರಳಲ್ಲಿ ಟೈಪ್ ಮಾಡಿದೆ. ಸ್ಪೀಡ್ ಇತ್ತು, ಆದರೆ ಕಣ್ಣು ಯಾವಾಗಲೂ ಕೀಬೋರ್ಡ್ ಮೇಲೇ. ಈ ವರ್ಷ ಮೊದಲಿಂದ ಕಲಿಯೋಕೆ ಕೂತೆ. ಎಡ ತೋರುಬೆರಳು ಎಫ್ ಮೇಲೆ, ಬಲದ್ದು ಜೆ ಮೇಲೆ. ಆ ಎರಡು ಕೀಗಳಲ್ಲಿ ಸಣ್ಣ ಉಬ್ಬು ಇದೆ, ನೋಡದೆಯೇ ಬೆರಳು ತನ್ನ ಜಾಗಕ್ಕೆ ಮರಳಲಿ ಅಂತ. ಸ್ಪೀಡ್ ಅರ್ಧಕ್ಕಿಳಿಯಿತು. ಅರ್ಜೆಂಟ್ ಮೇಲ್ ಬಂದಾಗ ಹಳೇ ಎರಡು ಬೆರಳಿಗೇ ಹೋದೆ.

ಆಗ ದೇವರು ನನ್ನ ಹೃದಯದಲ್ಲಿ ಮಾತಾಡಿದ್ರು: ನಿನ್ನ ಸಿಟ್ಟು, ಸಣ್ಣ ಸುಳ್ಳು ಬರೋದೂ ಹೀಗೇ ಅವಸರದಲ್ಲಿ ಅಲ್ವಾ? ಕ್ಷಮೆ ಒಂದೇ ಕ್ಷಣದಲ್ಲಿ ಸಿಕ್ಕಿತು. ಅಭ್ಯಾಸ ಬದಲಾಗೋಕೆ ದಿನಗಳು ಬೇಕು. ನಿಧಾನವಾದರೆ ಹಿಂಜಾರಿದ ಹಾಗಲ್ಲ. ತಪ್ಪಿದಾಗ ಬೆರಳು ಆ ಉಬ್ಬನ್ನು ಹುಡುಕೋ ಹಾಗೆ ಪ್ರಾರ್ಥನೆಗೆ ಮರಳಿ ಬನ್ನಿ. ಆಮೆನ್.