ಹೆಸರಿನ ಹಡಗು, ನಂಬರಿನ ಹಡಗು

ನಮ್ಮ ಕಂಬಂ ಕಣಿವೆಗೆ ಸಮುದ್ರ ದೂರ. ಆದರೂ ಅಕ್ಕನ ಮಗ ದಿನಾ ಸಂಜೆ ಕಂಪ್ಯೂಟರಿನಲ್ಲಿ ಯುದ್ಧನೌಕೆ ಕಟ್ಟುತ್ತಾನೆ. ಅದೊಂದು ಆಟ. ಒಡಲು, ಫಿರಂಗಿ, ಎಂಜಿನ್, ಉಕ್ಕಿನ ಕವಚ ಎಲ್ಲ ತಾನೇ ಆರಿಸಿ ನಕ್ಷೆ ಮಾಡಿ, ಅದಕ್ಕೊಂದು ಹೆಸರು ಕೊಡಬೇಕು. ನಕ್ಷೆಗಳು ಹೆಚ್ಚಾದರೆ ಪಟ್ಟಿಯಲ್ಲಿ ಯಾವುದು ಎಲ್ಲಿದೆ ಅಂತ ಸಿಗೋದಿಲ್ಲ. ಅದಕ್ಕೆ ಅವನು ಸಣ್ಣ ಹಡಗಿಗೆ ಮೊದಲು ಕೆಲಸ, ಆಮೇಲೆ ವರ್ಷ ಬರೆಯುತ್ತಾನೆ: ‘ಕಾವಲು-36’, ‘ಕಾವಲು-40’. ಒಂದೇ ಕೆಲಸದವು ಒಟ್ಟಿಗೆ ನಿಲ್ಲುತ್ತವೆ. ದೊಡ್ಡವಕ್ಕೆ ಮಾತ್ರ ನಮ್ಮ ಹೊಳೆಗಳ ಹೆಸರು: ವೈಗೈ, ಸುರುಳಿ.

ಒಂದಿನ ಕಾವಲು ಹಡಗುಗಳನ್ನೆಲ್ಲ ಶತ್ರುವಿನ ಬಾಯಿಗೆ ಬಿಟ್ಟ. ಆರು ಮುಳುಗಿದವು.

“ವೈಗೈನ ಯಾಕೋ ಕಳಿಸಲಿಲ್ಲ?” ಅಂದೆ.

“ಅದು ಹೋದ್ರೆ ಬೇಜಾರಾಗುತ್ತೆ ಮಾಮಾ.”

ಆ ಮಾತು ನನಗೆ ನಾಟಿತು. ಹಿಂದೆ ನಾನು ಗಡಿಯಾಚೆ, ಇಡುಕ್ಕಿಯ ಒಂದು ಏಲಕ್ಕಿ ತೋಟದಲ್ಲಿ ಹಾಜರಿ ಬರೆಯುತ್ತಿದ್ದೆ. ಬೆಳಿಗ್ಗೆ ನಮ್ಮ ಕಡೆಯಿಂದ ಜೀಪಿನಲ್ಲಿ ಬರೋ ಹೆಣ್ಣಾಳುಗಳಿಗೆ ನಂಬರು ಕೊಟ್ಟಿದ್ದೆ, ಲೆಕ್ಕಕ್ಕೆ ಸುಲಭ. ಒಂದು ಸಂಜೆ ಮಂಜು ಕವಿದಿತ್ತು, ಒಬ್ಬರು ಕಮ್ಮಿ. “ಹದಿನೇಳು! ಹದಿನೇಳು!” ಅಂತ ಇಳಿಜಾರಿಗೆ ಕೂಗಿದೆ. ಉತ್ತರವಿಲ್ಲ. ಜೊತೆಯವಳೊಬ್ಬಳು ಅವಳ ಹೆಸರು ಹಿಡಿದು ಕೂಗಿದಳು. ಕೆಳಗಿನಿಂದ “ಓ” ಅಂತ ದನಿ ಬಂತು. ಕಾಲು ಉಳುಕಿ ಕೂತಿದ್ದಳು. ಎರಡು ವರ್ಷ ಕೂಲಿ ಎಣಿಸಿ ಕೊಟ್ಟವನು ನಾನು, ಅವಳ ಹೆಸರು ನನಗೆ ಗೊತ್ತಿರಲಿಲ್ಲ.

ಹಾಗಾದರೆ ನಂಬರೇ ತಪ್ಪೇ? ಅಲ್ಲ. ನಂಬರಿಲ್ಲದಿದ್ದರೆ ಒಬ್ಬರು ಕಮ್ಮಿ ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮ ನೌಕಾಪಡೆಯೂ ಎರಡನ್ನೂ ಇಟ್ಟುಕೊಂಡಿದೆ. 1957ರಲ್ಲಿ ಸೇರಿದ ಐಎನ್ಎಸ್ ಮೈಸೂರು 1985ರಲ್ಲಿ ನಿವೃತ್ತಿಯಾಯಿತು. 1999ರಲ್ಲಿ ಅದೇ ಹೆಸರಿನ ಹೊಸ ಹಡಗು ಬಂತು. ಎರಡಕ್ಕೂ ಸಂಖ್ಯೆ 60. ಸಂಖ್ಯೆ ಗುರುತಿಗೆ, ಹೆಸರು ನೆನಪಿಗೆ.

ನಮ್ಮ ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈಯಲ್ಲಿ 2006ರಲ್ಲಿ ಸಿಕ್ಕ ವೀರಗಲ್ಲುಗಳು ಎರಡು ಸಾವಿರ ವರ್ಷಕ್ಕೂ ಹಳೆಯವು ಅನ್ನುತ್ತಾರೆ. ಕೂಡಲೂರಿನ ತುರುಗಾಳಗದಲ್ಲಿ ಸತ್ತವನೊಬ್ಬನ ಹೆಸರು ಅದರಲ್ಲೊಂದು ಕಲ್ಲಿನ ಮೇಲೆ ಇದೆ: ತೀಯನ್ ಅಂತವನ್. ಅಂದು ಹೋದ ದನ ಎಷ್ಟು ಅಂತ ಇಂದು ಯಾರಿಗೂ ಬೇಕಿಲ್ಲ. ಹೆಸರು ಉಳಿದಿದೆ.

ಆಟದ ಹಡಗಿನಲ್ಲಿ ಜನರಿಲ್ಲ, ಹುಡುಗ ಪಾಪ ಮಾಡಲಿಲ್ಲ. ಪಟ್ಟಿಯೂ ಪಾಪವಲ್ಲ. ಆದರೆ ಯಾರನ್ನು ಕಳೆದುಕೊಂಡರೂ ನಮಗೆ ಬೇಜಾರಾಗೋದಿಲ್ಲವೋ ಅವರಿಗೇ ನಾವು ಬರೀ ನಂಬರು ಕೊಟ್ಟಿರುತ್ತೇವೆ. ಕೊಟ್ಟ ಮೇಲೆ ಬೇಜಾರು ಇನ್ನೂ ಕಮ್ಮಿಯಾಗುತ್ತದೆ. ಆ ಸಂಜೆಯ ಮಾರನೇ ದಿನ ಹಾಜರಿ ಪುಸ್ತಕದಲ್ಲಿ ನಂಬರಿನ ಪಕ್ಕ ಇನ್ನೊಂದು ಗೆರೆ ಎಳೆದು, ಒಬ್ಬೊಬ್ಬರನ್ನೇ ಕೇಳಿ ಹೆಸರು ಬರೆದೆ. ಅರ್ಧ ಗಂಟೆ ಹಿಡಿಯಿತು, ಅಷ್ಟೇ.