ಕಾಶಿಗೆ ಹೋದವನೂ ಕಾಟಿಗೆ ಹೋದವನೂ

ಗೌರಿಬಿದನೂರು ಸ್ಟೇಷನ್ನಿನಲ್ಲಿ ಕಾಶಿಗೆ ಹೊರಟವರ ಗುಂಪು ಕಂಡಾಗಲೆಲ್ಲ ನಗರಗೆರೆ ಕಡೆಯ ಹಿರಿಯರ ಗಾದೆಯೊಂದು ನೆನಪಾಗುತ್ತದೆ: ‘ಕಾಶೀಕಿ ಪೋಯಿನವಾಡೂ ಕಾಟಿಕಿ ಪೋಯಿನವಾಡೂ ಒಕಟೇ.’ ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆ ನಮ್ಮದು. ಗಾದೆ ತೆಲುಗಿನಲ್ಲಿ ಬಂದರೂ ಯಾರೂ ತಡೆಯುವುದಿಲ್ಲ. ಕಾಶಿಗೆ ಹೋದವನೂ ಸುಡುಗಾಡಿಗೆ ಹೋದವನೂ ಒಂದೇ ಅಂದರೆ ಈಗಿನ ಯಾತ್ರಿಕರು ನಗುತ್ತಾರೆ. ವಾಪಸು ಬರುವ ಟಿಕೆಟ್ಟು ಆಗಲೇ ಕನ್ಫರ್ಮ್ ಆಗಿದೆಯಲ್ಲ!

ದಾರಿಯಲ್ಲಿ ಕಳ್ಳಕಾಕರು, ಕಾಲರಾ, ಕಾಡುಮೃಗ. ಹೋದವರು ಬರುತ್ತಿರಲಿಲ್ಲ, ಅದಕ್ಕೇ ಈ ಗಾದೆ ಎನ್ನುವುದು ಎಲ್ಲರೂ ಹೇಳುವ ಅರ್ಥ. ನನಗೆ ಒಪ್ಪಿಗೆಯಿಲ್ಲ. ಏನುಗುಲ ವೀರಾಸ್ವಾಮಯ್ಯ 1830ರ ಮೇ ತಿಂಗಳಲ್ಲಿ ಮದ್ರಾಸಿನಿಂದ ಹೊರಟು, 1831ರ ಸೆಪ್ಟೆಂಬರಿನಲ್ಲಿ ಮನೆ ಸೇರಿದರು. ಆ ಯಾತ್ರೆಯ ದಿನಚರಿ ‘ಕಾಶೀಯಾತ್ರಾ ಚರಿತ್ರ’ ಎಂಬ ಪುಸ್ತಕವೇ ಆಯಿತು. ಪಲ್ಲಕ್ಕಿ, ಪರಿವಾರ ಇದ್ದವರ ಮಾತು ಬೇರೆ ಎನ್ನುವಿರಾ? ಯಾರೂ ಹಿಂದಿರುಗದಿದ್ದರೆ ಊರೂರಲ್ಲಿ ಕಾಶಿಯಿಂದ ಬಂದವರು ಹಾಕಿಸುವ ಗಂಗಾ ಸಮಾರಾಧನೆ ಎಂಬ ಊಟ ಹುಟ್ಟುತ್ತಲೇ ಇರಲಿಲ್ಲ. ಇನ್ನು ಕಾಶಿಯಲ್ಲಿ ಸತ್ತರೆ ಮೋಕ್ಷ ಎಂಬ ಅರ್ಥ. ಗಾದೆ ಹೋದವನ ಮಾತಾಡುತ್ತಿದೆ, ಅಲ್ಲಿ ಸತ್ತವನ ಸುದ್ದಿಗೇ ಬಂದಿಲ್ಲ.

ಈ ಗಾದೆ ಹುಟ್ಟಿದ್ದು ಹೊಸಿಲಲ್ಲಿ, ದಾರಿಯಲ್ಲಲ್ಲ ಎಂಬುದು ನನ್ನ ಖಚಿತ ನಂಬಿಕೆ. ಕಾಶಿಗೆ ಹೊರಟವನು ಮೊದಲು ಸಾಲ ತೀರಿಸುತ್ತಿದ್ದ, ಹೊಲ ಮನೆ ಯಾರಿಗೆ ಏನೆಂದು ನಾಲ್ವರ ಮುಂದೆ ಹೇಳುತ್ತಿದ್ದ, ಮಾತು ಬಿಟ್ಟ ದಾಯಾದಿಯ ಬಾಗಿಲಿಗೂ ಹೋಗಿ ಬರುತ್ತಿದ್ದ. ಸತ್ತವನಿಗೆ ಹೇಗೆ ಬಾಕಿಯಿಲ್ಲವೋ ಇವನಿಗೂ ಇಲ್ಲ. ಅಷ್ಟರಮಟ್ಟಿಗೆ ಇಬ್ಬರೂ ಒಂದೇ. ಮದುವೆಯಲ್ಲಿ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಡುವ ಮದುಮಗನನ್ನು ಹೆಣ್ಣಿನ ಕಡೆಯವರು ಓಡಿಬಂದು ತಡೆಯುವುದೂ ಇದಕ್ಕೇ. ಸಂಸಾರ ಹೂಡಬೇಕಾದವನು ಲೆಕ್ಕ ಮುಗಿಸಿ ಹೊರಟರೆ ಗತಿಯೇನು?

ರೈಲಿನ ಮೇಲೆ ನನಗೆ ಮುನಿಸಿಲ್ಲ. ನಡೆದು ಹೋದದ್ದೇ ನಿಜವಾದ ಯಾತ್ರೆ ಎಂದು ಹಳಹಳಿಸುವವರು ಒಮ್ಮೆ ಸಂಘಮಿತ್ರ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯಲ್ಲಿ ಎರಡು ರಾತ್ರಿ ಕಳೆದು ಬರಲಿ. ಕೂಲಿ ಮಾಡುವ ಹೆಂಗಸು, ಮಂಡಿನೋವಿನ ಮುದುಕ ಗಂಗೆ ಕಂಡದ್ದು ರೈಲಿನಿಂದ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಹೊರಟ ಮುಜರಾಯಿ ಇಲಾಖೆಯ ಕಾಶಿ ದರ್ಶನ ರೈಲಿಗೆ ತಲಾ 20,000 ರೂಪಾಯಿ ವೆಚ್ಚವಾದರೆ, ಅದರಲ್ಲಿ 5,000 ಸರ್ಕಾರದ ಸಹಾಯಧನ. ಎಂಟು ದಿನದಲ್ಲಿ ಕಾಶಿ, ಅಯೋಧ್ಯೆ, ಪ್ರಯಾಗ. ಒಳ್ಳೆಯದೇ ಆಯಿತು. ಆದರೆ ಎಂಟು ದಿನದಲ್ಲಿ ಬಂದುಬಿಡುವವನಿಗೆ ಲೆಕ್ಕ ತೀರಿಸುವ ಅವಸರ ಎಲ್ಲಿಯದು?

ಕಾಶಿಯಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಅದರ ಪಕ್ಕದ್ದೇ ಹೆಣ ಸುಡುವ ಹರಿಶ್ಚಂದ್ರ ಘಾಟ್. ನಮ್ಮವರು ಅಲ್ಲಿ ಕೈಮುಗಿದು, ಪದ್ಧತಿಯಂತೆ ಇನ್ನು ತಿನ್ನುವುದಿಲ್ಲವೆಂದು ಒಂದು ತರಕಾರಿಯನ್ನು ಗಂಗೆಗೆ ಬಿಟ್ಟು ಬರುತ್ತಾರೆ. ಹೆಚ್ಚಿನವರು ಬಿಡುವುದು ಹಾಗಲಕಾಯಿ! ಮೊದಲೂ ತಿನ್ನುತ್ತಿರಲಿಲ್ಲ ಬಿಡಿ. ಬದುವಿನ ಜಗಳ ಮಾತ್ರ ಹೋದ ಹಾಗೇ ಊರಿಗೆ ಮರಳುತ್ತದೆ.

ನಮ್ಮ ಹಳ್ಳಿಗಳಲ್ಲಿ ಕಾಟಿಗೆ ಹೋಗಿ ಎಷ್ಟೋ ವರ್ಷವಾದವರ ಹೆಸರು ಇನ್ನೂ ಪಹಣಿಯಲ್ಲಿ ಕೂತಿದೆ. ಅಜ್ಜನ ಹೆಸರಿನ ಎರಡೆಕರೆಗೆ ಮೊಮ್ಮಕ್ಕಳು ಕೋರ್ಟು ಅಲೆಯುತ್ತಾರೆ. ಅಜ್ಜನ ಮಗ ಎಂಟು ದಿನದ ಕಾಶಿ ಮುಗಿಸಿ ಬಂದು ಸಮಾರಾಧನೆಗೆ ಪಾಯಸ ಬಡಿಸುತ್ತಾನೆ. ಆ ಊಟಕ್ಕೆ ಬದುವಿನಾಚೆಯ ತಮ್ಮನಿಗೆ ಕರೆಯಿಲ್ಲ.

ಈ ಸಲ ಕಾಶಿಗೆ ಹೆಸರು ಬರೆಸಿರುವ ಹಿರಿಯರೇ, ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಮೊದಲು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ರೈಲು ಮುಂದಿನ ವರ್ಷವೂ ಹೊರಡುತ್ತದೆ.