ಕೂಸನ್ನಾಡಿಸುವ ಕಾಯಕ ಮತ್ತು ಮನೆಯವರ ಅಪೇಕ್ಷೆ

ಒಬ್ಬರ ಮನೆಯ ಕೂಸನ್ನು ಮತ್ತೊಬ್ಬರು ಎತ್ತಿ ಆಡಿಸುವುದು ನಮ್ಮ ವಿಜಯಪುರ ಪ್ರಾಂತಕ್ಕೆ ಹೊಸತಲ್ಲ. ನಾವು ಚಿಕ್ಕವರಿದ್ದಾಗ ಬಾಣಂತಿಗೂ ಹಸುಗೂಸಿಗೂ ಎರೆಯಲು ಓಣಿಯ ಹಿರಿಯ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತೀಡಿ, ಹದವಾದ ಬಿಸಿನೀರು ಹೊಯ್ದು, ಅರಿವೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡುವವರೆಗೆ ಆ ಮನೆಯಲ್ಲಿ ಆಕೆಯ ಮಾತೇ ನಡೆಯುತ್ತಿತ್ತು. ಉಗುರು ತೆಗೆದುಕೊಂಡು ಬಾ, ಬಳೆ ಸರಿಸಿಕೋ ಎಂದು ಆಕೆಗೆ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದೆಲ್ಲ ಆಕೆಗೆ ತಿಳಿದಿತ್ತು. ನೀರು ಕಾದಿಲ್ಲವೆಂದೂ ಅರಿವೆ ಮಡಿಯಾಗಿಲ್ಲವೆಂದೂ ಆಕೆಯೇ ಮನೆಯವರನ್ನು ಗದರಿಸುತ್ತಿದ್ದಳು.

ಈಗ ಕಾಲ ತಿರುಗಿದೆ. ಹೆಣ್ಣುಮಕ್ಕಳು ಕಲಿತು ನೌಕರಿಗೆ ಹೋಗುತ್ತಿರುವುದು ಸಂತೋಷದ ಸಂಗತಿ. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಆದರೆ ಇಪ್ಪತ್ತೇಳನೆಯ ವಾರವೆಂಬುದು ಬಂದೇ ಬರುತ್ತದೆ. ಅಂದು ತಾಯಿಯು ಕಚೇರಿಗೆ ಹೊರಟಾಗ ಕೂಸು ಯಾರ ತೊಡೆಯ ಮೇಲೆ ಇರಬೇಕು? ಅಜ್ಜ ಅಜ್ಜಿಯರ ಕೈಕಾಲು ಗಟ್ಟಿಯಿದ್ದರೆ ಅವರು. ಇಲ್ಲವಾದರೆ ಸಂಬಳಕ್ಕೆ ಬರುವ ಒಬ್ಬ ಹೆಣ್ಣುಮಗಳು. ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ನಗರದ ಮನೆಗಳಿಗೆ ಬಂದು, ಸಂಜೆಯ ಬಸ್ಸಿಗೆ ಊರು ಸೇರುವ ಇಂಥ ತಾಯಂದಿರನ್ನು ನಾವು ಕಾಣುತ್ತೇವೆ. ಅವರಿಂದ ಮನೆಯವರು ಏನನ್ನು ಅಪೇಕ್ಷಿಸಬಹುದು, ಏನನ್ನು ಅಪೇಕ್ಷಿಸಬಾರದು ಎಂಬುದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ನನಗೂ ಹಾಗೆಯೇ ತೋರಿತ್ತು.

2018ರಲ್ಲಿ ನಮ್ಮ ಮನೆಯಲ್ಲಿ ಮೊಮ್ಮಗ ಹುಟ್ಟಿದನು. ಸೊಸೆಯ ರಜೆ ಮುಗಿಯುವ ಹೊತ್ತಿಗೆ ತಿಕೋಟಾ ಭಾಗದ ಒಬ್ಬ ಹೆಣ್ಣುಮಗಳು ಕೂಸನ್ನು ನೋಡಿಕೊಳ್ಳಲು ಒಪ್ಪಿದಳು. ಅಲ್ಲಿಯವರೆಗೆ ಆಕೆ ದ್ರಾಕ್ಷಿ ತೋಟಗಳಲ್ಲಿ, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ದುಡಿದವಳು. ಆಕೆ ಬರುವ ಹಿಂದಿನ ರಾತ್ರಿ ಸೊಸೆಯು ಒಂದು ಹಾಳೆಯ ಮೇಲೆ ಹನ್ನೊಂದು ನಿಯಮಗಳನ್ನು ಬರೆದಳು. ಉಗುರು ಕತ್ತರಿಸಿರಬೇಕು, ಬಂದ ಕೂಡಲೇ ಸಾಬೂನಿನಿಂದ ಕೈ ತೊಳೆಯಬೇಕು, ಗಾಜಿನ ಬಳೆ ಕೂಡದು, ಬಸ್ಸಿನಲ್ಲಿ ಉಟ್ಟು ಬಂದ ಸೀರೆಯನ್ನು ಬದಲಿಸಬೇಕು, ತಂಬಾಕು ಬೇಡ, ಹೂವು ಬೇಡ, ತಲೆಗೆ ಎಣ್ಣೆಯ ಜಿಡ್ಡು ಬೇಡ, ಕೂಸು ಎಚ್ಚರವಿರುವಾಗ ಫೋನು ಬೇಡ, ನೀರಿಗೆ ಬೇರೆ ಲೋಟ, ಅತಿಥಿಗಳು ಬಂದಾಗ ಸಾದಾ ಸೀರೆ, ಮುಟ್ಟಿನ ದಿನಗಳಲ್ಲಿ ರಜೆ. ನಾನು ನಿವೃತ್ತ ಶಿಕ್ಷಕನಾದ ಕಾರಣ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದರ ಕಾಗುಣಿತವನ್ನು ತಿದ್ದಿದೆನು. ಬೇರೇನನ್ನೂ ತಿದ್ದಲಿಲ್ಲ.

ಸೊಸೆಯನ್ನು ದೂಷಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆರು ತಿಂಗಳ ಕೂಸನ್ನು ಅಪರಿಚಿತಳ ಕೈಗೆ ಕೊಟ್ಟು ಹೊಸ್ತಿಲು ದಾಟುವ ತಾಯಿಯ ಭಯವು ಎಷ್ಟಿರುತ್ತದೆಂಬುದನ್ನು ಗಂಡಸರಾದ ನಾವು ಪೂರ್ತಿ ತಿಳಿಯಲಾರೆವು. ಆ ಭಯವೇ ಹಾಳೆಯ ಮೇಲೆ ಅಕ್ಷರವಾಗಿ ಇಳಿದಿತ್ತು. ಆದರೆ ಭಯದೊಡನೆ ಇನ್ನೂ ಏನೇನೋ ಇಳಿದು ಬಂದಿದ್ದವು, ಮತ್ತು ಅವು ಆಕೆಯೊಬ್ಬಳವೇ ಆಗಿರಲಿಲ್ಲ. ನಮ್ಮ ಮನೆಯವು, ನಮ್ಮ ಓಣಿಯವು.

ಮೊದಲನೆಯ ದಿನ ಹಾಳೆಯನ್ನು ಓದಿ ಹೇಳುವ ಕೆಲಸವೂ ನನ್ನ ಪಾಲಿಗೆ ಬಂದಿತು. ತಂಬಾಕಿನ ಮಾತಿಗೆ ಬಂದಾಗ, ಹಲ್ಲಿಗೆ ತಿಕ್ಕುವ ಮಿಶ್ರಿಯ ರೂಢಿ ತನಗುಂಟೆಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಸುಟ್ಟ ತಂಬಾಕಿನ ಈ ಪುಡಿ ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಸೀಮೆಯಲ್ಲಿ ದುಡಿಯುವ ಎಷ್ಟೋ ಹೆಂಗಸರ ಬೆಳಗಿನ ಆಸರೆ. ಅದು ಕೂಸಿಗೆ ಕೆಟ್ಟದ್ದೆಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಬೋಧಿಸಿದೆನು. ಆಕೆ ತಲೆ ತಗ್ಗಿಸಿ ಕೇಳಿ, ಕೊನೆಗೆ, "ಬಿಡತೀನ್ರಿ ಮಾಸ್ತರ್ರ, ಕೂಸಿನ ಸಲುವಾಗಿ ಇವತ್ತ ಬಿಡತೀನಿ. ಆದ್ರ ನಿಮ್ಮ ಡಬ್ಬಿ ಏನ್ ಮಾಡತೀರಿ?" ಎಂದಳು. ನನ್ನ ಅಂಗಿಯ ಕಿಸೆಯಲ್ಲಿ ಮೂವತ್ತು ವರ್ಷಗಳಿಂದ ತಪಕೀರಿನ ಡಬ್ಬಿ ಇತ್ತು. ನಶ್ಯ ಏರಿಸಿದ ಬೆರಳಿನಿಂದಲೇ ನಾನು ಮೊಮ್ಮಗನ ಗಲ್ಲ ಹಿಡಿಯುತ್ತಿದ್ದೆನು. ಆಕೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು.

ಆ ಪ್ರಶ್ನೆಯ ಬೆಳಕಿನಲ್ಲಿ ಹಾಳೆಯನ್ನು ಮತ್ತೊಮ್ಮೆ ಓದಬೇಕಾಯಿತು. ಯಾವ ನಿಯಮ ಕೂಸಿಗಾಗಿ, ಯಾವುದು ನಮ್ಮ ಕಣ್ಣಿಗಾಗಿ? ಕೂಸಿಗಾಗಿ ಇರುವ ನಿಯಮವಾದರೆ ಅದು ಸಂಬಳದವಳೊಬ್ಬಳನ್ನೇ ಹುಡುಕಿಕೊಂಡು ಹೋಗಲಾರದು. ಕೂಸನ್ನು ಮುಟ್ಟುವ ಎಲ್ಲ ಕೈಗಳಿಗೂ ಅದು ಅನ್ವಯಿಸಬೇಕು.

ಇಲ್ಲಿ ವೈದ್ಯಶಾಸ್ತ್ರದ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರದಿಂದ ಸಾಯುವವರು ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿ ಬಹಳ ಹೆಚ್ಚು. ತಮ್ಮನ್ನು ಸೂಲಗಿತ್ತಿಯರ ಕಡೆಗೇ ಸೇರಿಸಿರೆಂದು ಬಸುರಿಯರು ಅಂಗಲಾಚುತ್ತಿದ್ದರಂತೆ. 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಾರಣವನ್ನು ಕಂಡನು: ಹೆಣ ಕೊಯ್ದು ಕಲಿಯುತ್ತಿದ್ದ ವೈದ್ಯರು ಅದೇ ಕೈಗಳಿಂದ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ಆತನು ತಂದ ಮೇಲೆ ಸಾವುಗಳು ಇಳಿದವು. ಆದರೂ ದೊಡ್ಡ ಮನೆತನದ ವೈದ್ಯರ ಕೈಗಳೂ ಹೊಲಸಾಗಿರಬಹುದೆಂಬ ಮಾತನ್ನು ಅನೇಕರು ಸಹಿಸಲಿಲ್ಲ. ಹೊಲಸೆಂಬುದು ಬಡವರ ಕೈಯಲ್ಲಿಯೇ ಇರುತ್ತದೆಂಬ ನಂಬಿಕೆಗೆ ಓದು ಮದ್ದಲ್ಲ.

ಬಳೆಯ ಪ್ರಸಂಗ ಇದಕ್ಕಿಂತ ಸೂಕ್ಷ್ಮವಾದದ್ದು. ಗಾಜಿನ ಬಳೆ ಒಡೆದರೆ ಕೂಸಿಗೆ ಚುಚ್ಚೀತೆಂಬುದು ಸರಿಯಾದ ಮಾತೇ. ಆದರೆ "ಬರಿಗೈ ಮಾಡಿಕೊಂಡು ಮನಿಗೆ ಹ್ಯಾಂಗ ಹೋಗಲ್ರೀ ಅಕ್ಕಾರ?" ಎಂದು ಆಕೆ ಕೇಳಿದಾಗ ಸೊಸೆಯ ಬಾಯಿ ಕಟ್ಟಿತು. ಮುತ್ತೈದೆಯ ಬರಿಗೈಗೆ ನಮ್ಮ ಹಳ್ಳಿಗಳಲ್ಲಿ ಯಾವ ಅರ್ಥವಿದೆಯೆಂದು ಸೊಸೆಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬರೆಯುವಾಗ ಹೊಳೆದಿರಲಿಲ್ಲ, ಏಕೆಂದರೆ ಅದು ತನ್ನ ಕೈಯಾಗಿರಲಿಲ್ಲ. ಕಡೆಗೆ ನುಣುಪಾದ ಎರಡು ಹಿತ್ತಾಳೆಯ ಬಳೆಗಳನ್ನು ತರಿಸಿ, ಮನೆಯಲ್ಲಿರುವಷ್ಟು ಹೊತ್ತು ಅವನ್ನು ತೊಡಲು ಆಕೆ ಒಪ್ಪಿದಳು. ಅದೇ ವಾರ ಸೊಸೆಯು ತನ್ನ ಹರಳಿನ ಉಂಗುರವನ್ನೂ ತೆಗೆದಿಟ್ಟಳು. ಕೂಸಿನ ಗಲ್ಲದ ಮೇಲೆ ಹಿಂದೊಮ್ಮೆ ಮೂಡಿದ್ದ ಗೀರು ಆ ಉಂಗುರದ್ದಾಗಿತ್ತು.

ಸೀರೆ ಬದಲಿಸುವ ನಿಯಮವನ್ನು ಆಕೆ ತಾನಾಗಿಯೇ ಸಮರ್ಥಿಸಿದಳು. ತೋಟಗಳಲ್ಲಿ ಔಷಧಿ ಹೊಡೆಯುವ ದಿನಗಳಲ್ಲಿ ಬಟ್ಟೆಗೆ ಅದರ ವಾಸನೆ ಹತ್ತಿರುತ್ತದೆಂಬುದು ಆಕೆಗೆ ನಮಗಿಂತ ಚೆನ್ನಾಗಿ ತಿಳಿದಿತ್ತು. ಒಣದ್ರಾಕ್ಷಿ ಮಾಡುವವರು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಟ್ಟಗಳ ಮೇಲೆ ಹರಡುತ್ತಾರೆ. ಆ ನೀರಿನಲ್ಲಿ ವರ್ಷಗಟ್ಟಲೆ ಆಡಿದ ಆಕೆಯ ಬೆರಳುಗಳು ಒರಟಾಗಿ ಸೀಳಿದ್ದವು. ಸೊಸೆಯು ಅದನ್ನು ಕೊಳಕೆಂದು ತಿಳಿದಿದ್ದಳು. ಬದಲಿಸಲು ಆಕೆಗೆ ಇನ್ನೊಂದು ಸೀರೆ ಎಲ್ಲಿಂದ ಬರಬೇಕು, ಯಾವ ಕೋಣೆಯಲ್ಲಿ ಬದಲಿಸಬೇಕು, ಯಾವ ನೀರಿನಲ್ಲಿ ಒಗೆಯಬೇಕು ಎಂಬುದು ನಮ್ಮ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ವಿಜಯಪುರದ ನೀರಿನ ಬವಣೆಯನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಏತ ನೀರಾವರಿಯಿಂದ ಬಬಲೇಶ್ವರ, ತಿಕೋಟಾ ಭಾಗದ ಹೊಲಗಳಿಗೆ ನೀರು ಹರಿದು ಬಂದಿರಬಹುದು. ಮನೆಯ ನಳದ ಕಥೆ ಬೇರೆ. ಮೂರು ದಿನಕ್ಕೊಮ್ಮೆ ನೀರು ಕಾಣುವ ಮನೆಯವಳಿಗೆ ದಿನವೂ ತಲೆ ತೊಳೆದುಕೊಂಡು ಬಾ ಎಂದು ಹೇಳುವುದು ಸುಲಭ. ಹೇಳುವವನು ತನ್ನ ಬಚ್ಚಲಿನ ಬಾಗಿಲನ್ನು ತೆರೆದಿರಬೇಕು. ನಾವು ತೆರೆದೆವು, ಆದರೆ ಮೂರು ತಿಂಗಳ ಮೇಲೆ.

ಉಳಿದ ನಿಯಮಗಳಲ್ಲಿ ಎರಡನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದು ಬೇರೆ ಲೋಟ; ಇನ್ನೊಂದು ಮುಟ್ಟಿನ ದಿನಗಳ ರಜೆ. ಆ ದಿನಗಳಲ್ಲಿ ವಿಶ್ರಾಂತಿ ಬೇಕೆಂದು ಆಕೆ ಕೇಳಿ, ಸಂಬಳ ಮುರಿಯದೆ ನಾವು ಕೊಟ್ಟಿದ್ದರೆ ಅದು ಕರುಣೆಯಾಗುತ್ತಿತ್ತು. ನಾವು ಬೇಡವೆಂದದ್ದು ಮೈಲಿಗೆಯೆಂದು. ಕೊರಳಲ್ಲಿ ಲಿಂಗ ಧರಿಸಿದ ಮನೆ ನಮ್ಮದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗವಂತನಿಗೆ ಇಲ್ಲವೆಂದು ಬಾಲ್ಯದಲ್ಲಿ ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಕಲಿತವನು ನಾನು. ತಾಡವೋಲೆಗಳನ್ನು ಹುಡುಕಿ ವಚನಗಳನ್ನು ಅಚ್ಚು ಹಾಕಿಸಲು ಫ. ಗು. ಹಳಕಟ್ಟಿಯವರು (1880-1964) ತಮ್ಮ ಆಯುಷ್ಯವನ್ನೂ ಆಸ್ತಿಯನ್ನೂ ಸವೆಸಿದ್ದು ಇದೇ ನಗರದಲ್ಲಿ. ಆ ಊರಿನ ಒಂದು ಮನೆಯ ಹಾಳೆಯ ಮೇಲೆ ಐದರಲ್ಲಿ ಎರಡು ಸೂತಕಗಳು ಮರಳಿ ಬಂದು ಕುಳಿತವು, ಮತ್ತು ನಾನು ಅವುಗಳ ಕೊಂಬು ಇಳಿಗಳನ್ನು ಸರಿಪಡಿಸಿದೆನು.

ಶರಣರ ಕಾಲದಲ್ಲಿ ಈ ಸಂಬಂಧವು ಹೇಗಿತ್ತೆಂಬುದನ್ನು ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಮಡಿವಾಳ ಮಾಚಯ್ಯನವರು ಭಕ್ತರ ಬಟ್ಟೆಗಳನ್ನಲ್ಲದೆ ಇತರರ ಬಟ್ಟೆಗಳನ್ನು ಒಗೆಯುತ್ತಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಅಲ್ಲಿ ನಿಯಮ ಹಾಕುವವನು ಕಾಯಕದವನು, ಒಗೆಯಿಸಿಕೊಳ್ಳುವವನು ಅರ್ಹನಾಗಿರಬೇಕು. ಬೀದಿಯ ಕಸ ಗುಡಿಸುವ ಕಾಯಕದ ಸತ್ಯಕ್ಕ, ಬಿದ್ದ ಅಕ್ಕಿಯನ್ನು ಆಯುವ ಲಕ್ಕಮ್ಮ ಇವರು ಶುದ್ಧಿಯನ್ನು ಕೈಯ ಬಣ್ಣದಿಂದ ಅಳೆದವರಲ್ಲ. ನಮ್ಮ ಮನೆಗಳಿಗೆ ಬರುವ ಆಯಾ ಒಬ್ಬಳು, ಹಿಂದಿನ ಕಾಲದ ಎರೆಯುವವಳಂತೆ, ನಮಗೇ ಒಂದು ಹಾಳೆ ಬರೆದುಕೊಟ್ಟರೆ ಅದರಲ್ಲಿ ಏನಿರಬಹುದು? ಊಟದ ಹೊತ್ತು, ಕೂಡಲು ಒಂದು ಕುರ್ಚಿ, ಕರೆಯುವಾಗ ಹೆಸರು.

ಮನೆ ನಮ್ಮದು, ಹಣ ನಮ್ಮದು, ಒಪ್ಪವಾಗಿ ಕಾಣಬೇಕೆಂದು ಬಯಸುವುದರಲ್ಲಿ ತಪ್ಪೇನು ಎಂದು ಕೇಳುವವರುಂಟು. ಈ ಆಕ್ಷೇಪವನ್ನು ಹಗುರಾಗಿ ತಳ್ಳಲಾಗದು. ಇಂಗ್ಲೆಂಡಿನಲ್ಲಿ 1892ರಲ್ಲಿ ಎಮಿಲಿ ವಾರ್ಡ್ ಸ್ಥಾಪಿಸಿದ ನಾರ್‌ಲ್ಯಾಂಡ್ ಸಂಸ್ಥೆಯಲ್ಲಿ ಶಿಶುಪಾಲನೆ ಕಲಿತವರಿಗೆ ಕಂದು ಬಣ್ಣದ ಸಮವಸ್ತ್ರವಿದೆ. ಅದನ್ನು ಅವರು ವಿದ್ಯೆಯ ಗುರುತೆಂದು ಹೆಮ್ಮೆಯಿಂದ ತೊಡುತ್ತಾರೆ. ಇನ್ನೊಂದು ಕಡೆ, ಹಾಂಗ್‌ಕಾಂಗಿನಲ್ಲಿ ದುಡಿಯುವ ಫಿಲಿಪ್ಪೀನ್ಸಿನ ಹೆಂಗಸರ ವಿಷಯವಾಗಿ ನಿಕೋಲ್ ಕಾನ್‌ಸ್ಟೇಬಲ್ ಎಂಬ ವಿದುಷಿ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತುಟಿಗೆ ಬಣ್ಣ ಕೂಡದು, ಕೂದಲು ಹೀಗಿರಬೇಕು, ಉಡುಪು ಹಾಗಿರಬೇಕು ಎಂಬ ಮನೆಯೊಡತಿಯರ ಕಟ್ಟಳೆಗಳ ಪ್ರಸ್ತಾಪವಿದೆ. ಎರಡೂ ಉಡುಪಿನ ನಿಯಮಗಳೇ. ಒಂದು ತೊಟ್ಟವಳನ್ನು ಮೇಲೆತ್ತುತ್ತದೆ. ಇನ್ನೊಂದು, ಈಕೆ ಆಳು, ಒಡತಿಯಂತೆ ಕಾಣಬಾರದು ಎಂದು ಬಂದವರಿಗೆಲ್ಲ ಸಾರುತ್ತದೆ. ಅತಿಥಿಗಳು ಬಂದಾಗ ಸಾದಾ ಸೀರೆ ಎಂಬ ನಮ್ಮ ಹತ್ತನೆಯ ನಿಯಮ ಯಾವ ಪಂಕ್ತಿಗೆ ಸೇರಿದ್ದೆಂದು ನಾನು ಹೇಳಬೇಕೇ? ನಮ್ಮ ಓಣಿಯ ಇನ್ನೊಂದು ಮನೆಯಲ್ಲಿ ಮುಸಲ್ಮಾನ ಹೆಣ್ಣುಮಗಳೊಬ್ಬಳಿಗೆ ಬುರ್ಖಾವನ್ನು ಓಣಿಯ ತಿರುವಿನಲ್ಲಿಯೇ ತೆಗೆದು ಚೀಲಕ್ಕೆ ಹಾಕಿಕೊಂಡು ಬಾ ಎಂದು ಹೇಳಿದ್ದರು. ಕೂಸಿಗೂ ಆ ತಿರುವಿಗೂ ಏನು ಸಂಬಂಧ?

ಕಾನೂನು ಇಂಥ ಒಳಮನೆಯ ಮಾತುಗಳಿಗೆ ಅಷ್ಟಾಗಿ ಬರುವುದಿಲ್ಲ. ಮನೆಗೆಲಸದವರಿಗೆ ಕರ್ನಾಟಕ ಸರಕಾರವು 2004ರಲ್ಲಿ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯು ಮನೆಯನ್ನೂ ದುಡಿಮೆಯ ಸ್ಥಳವೆಂದು ಎಣಿಸಿತು. ಜಿನೀವಾದಲ್ಲಿ 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗೆಲಸದವರಿಗಾಗಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿದಾಗ ನಮ್ಮ ದೇಶ ಅದರ ಪರವಾಗಿ ಮತ ಹಾಕಿತು, ಆದರೆ ಸ್ಥಿರೀಕರಿಸಲಿಲ್ಲ. ಇವೆಲ್ಲ ಬೇಕಾದವು. ಲೋಟದ ವಿಷಯವನ್ನು ಮಾತ್ರ ಮನೆಯವರೇ ತೀರ್ಮಾನಿಸಬೇಕು.

ನಮ್ಮ ಹಾಳೆಯಲ್ಲಿ ಕಡೆಗೆ ಆರು ನಿಯಮಗಳು ಉಳಿದವು: ಉಗುರು, ಕೈತೊಳೆತ, ಮೊನಚಾದ ಆಭರಣ, ಮಡಿ ಅರಿವೆ, ತಂಬಾಕು, ಫೋನು. ಅವನ್ನು ಸೊಸೆಯೇ ಹೊಸದಾಗಿ ಬರೆದು, ತೊಟ್ಟಿಲಿನ ಮೇಲಿನ ಗೋಡೆಗೆ ಹಚ್ಚಿದಳು. ಮೇಲೆ ಯಾರ ಹೆಸರೂ ಇರಲಿಲ್ಲ. ಮಿಶ್ರಿ ಬಿಡಲು ಆಕೆಗೆ ಹನ್ನೆರಡು ದಿನ ಹಿಡಿಯಿತು. ನನ್ನ ಡಬ್ಬಿಯ ವಿಷಯವನ್ನು ಕೇಳಿದರೆ, ಐದು ತಿಂಗಳು; ನಡುವೆ ಎರಡು ಬಾರಿ ಮಾತು ತಪ್ಪಿದೆನು, ಮತ್ತು ಎರಡು ಬಾರಿಯೂ ಆಕೆ ಕೂಸನ್ನು ನನ್ನ ಕೈಗೆ ಕೊಡುವ ಮೊದಲು, "ಕೈ ತೊಳಕೊಂಡ ಬರ್ರಿ ಮಾಸ್ತರ್ರ" ಎಂದಳು.

ಹೂವಿನ ಪ್ರಶ್ನೆ ಮಾತ್ರ ತೀರ್ಮಾನವಾಗಲಿಲ್ಲ. ಮಲ್ಲಿಗೆಯ ವಾಸನೆಗೆ ಕೂಸು ಸೀನುತ್ತದೆಂದು ಸೊಸೆಯ ವಾದ. ಒಂದು ದಿನವೂ ಸೀನಲಿಲ್ಲವೆಂದು ನನ್ನ ಮನೆಯವರ ವಾದ. ಆಕೆ ಯಾರ ಕಡೆಗೂ ಮಾತನಾಡಲಿಲ್ಲ. ಬೆಳಿಗ್ಗೆ ಬಂದೊಡನೆ ಮುಡಿಯಿಂದ ಹೂವನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡಿಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದಳು. ಸಂಜೆ ತಿಕೋಟಾದ ಬಸ್ಸಿನ ಹೊತ್ತಿಗೆ ಕೂಸನ್ನು ಸೊಸೆಯ ಕೈಗೆ ಕೊಟ್ಟು, ಕನ್ನಡಿಯ ಮುಂದೆ ನಿಂತು, ಅದನ್ನು ಮತ್ತೆ ಮುಡಿದುಕೊಂಡು ಹೋಗುತ್ತಿದ್ದಳು.